ಶ್ರುತಿವಾದ್ಯದ ಪಲ್ಲಟ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ತಂಬೂರಿಯೂ ವಿದ್ಯುತ್ ತಂಬೂರಿಯೂ

ಕನ್ನಡ ಕಾವ್ಯವು ಬಹುಕಾಲ ಕಣ್ಣಿಗಿಂತಲೂ ಕಿವಿಗೆ ಸೇರಿದ ಸೊತ್ತಾಗಿದ್ದಿತೆಂಬುದು ವಿದ್ವಾಂಸರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಓಲೆಗರಿಯ ಕಟ್ಟನ್ನು ಬಿಚ್ಚಿ ಒಬ್ಬನು ಓದುವನು; ಮತ್ತೊಬ್ಬನು ಅರ್ಥ ಹೇಳುವನು; ಹತ್ತಾರು ಮಂದಿ ಸುತ್ತ ಕುಳಿತು ಕೇಳುವರು. ಓದುವವನ ಬೆನ್ನಿಗೆ ಒಂದು ನಾದವಿರಬೇಕೆಂಬುದು ಗಮಕಿಗಳ ಸಂಪ್ರದಾಯ. ಕಾವ್ಯಗಳ ಪಾಠಾಂತರವನ್ನು ಹುಡುಕುವುದರಲ್ಲಿ ನಮ್ಮವರು ಪಟ್ಟಿರುವ ಶ್ರಮವು ಅಪಾರವಾದುದು. ಅದರ ಹತ್ತರಲ್ಲೊಂದು ಪಾಲನ್ನಾದರೂ ಈ ನಾದದ ಕಡೆಗೆ ತಿರುಗಿಸಿದ್ದರೆ ಚೆನ್ನಾಗಿತ್ತು. ಏಕೆಂದರೆ ಕಳೆದ ನೂರೈವತ್ತು ವರ್ಷಗಳೊಳಗೆ ಆ ನಾದವನ್ನು ಕೊಡುವ ವಾದ್ಯವು ಎರಡು ಸಲ ಪಲ್ಲಟಗೊಂಡಿದೆ: ಮೊದಲು ತಂಬೂರಿಯ ಸ್ಥಾನಕ್ಕೆ ಹಾರ್ಮೋನಿಯಮ್ಮೂ ಅದರ ತಮ್ಮನಾದ ಶ್ರುತಿಪೆಟ್ಟಿಗೆಯೂ ಬಂದುವು, ಅನಂತರ ಇವೆರಡರ ಸ್ಥಾನಕ್ಕೂ ವಿದ್ಯುತ್ ತಂಬೂರಿ ಬಂದಿತು. ಈ ಎರಡು ಪಲ್ಲಟಗಳನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿದುದಕ್ಕೆ ಕಾರಣಗಳುಂಟು. ಮೊದಲನೆಯದು ಸಾಹಿತ್ಯಕ್ಕೆ ಸಂಬಂಧಿಸಿದ್ದು. ಜೈಮಿನಿ ಭಾರತವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಲಕ್ಷ್ಮೀಶನ ದೇವಪುರವು ಕಡೂರು ತಾಲ್ಲೂಕಿನ ದೇವನೂರೇ ಎಂಬುದು ಅನೇಕ ವಿದ್ವಾಂಸರ ಮತ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನ ಭಾರತದ ಜೊತೆಯಲ್ಲಿಯೇ ನಡೆದುಬಂದ ಕಾವ್ಯವೆಂದರೆ ಅದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ೧೧೯೬ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ಬರೆದವನು ಯಶೋಧರ ಚರಿತೆಯ ಕವಿ ಜನ್ನ. ಅಜ್ಜಂಪುರವು ಸಣ್ಣಕತೆಗಾರ ಆನಂದರ, ಎಂದರೆ ಅಜ್ಜಂಪುರ ಸೀತಾರಾಮರ, ಹೆಸರಿನಲ್ಲಿಯೇ ಉಳಿದಿದೆ. ಎರಡನೆಯದು ಭೂಗೋಳಕ್ಕೆ ಸಂಬಂಧಿಸಿದ್ದು. ೧೯೪೭ರವರೆಗೆ ಕಡೂರು ಜಿಲ್ಲೆಯೆಂದೇ ಕರೆಸಿಕೊಳ್ಳುತ್ತಿದ್ದ ಈ ಪ್ರಾಂತದಲ್ಲಿ ಬಯಲುಸೀಮೆಯೂ ಮಲೆನಾಡೂ ಒಂದನ್ನೊಂದು ಮುಟ್ಟುತ್ತವೆ. ಕಡೂರು, ಅಜ್ಜಂಪುರಗಳ ಕಡೆ ಒಣಗಾಳಿ. ತರೀಕೆರೆಯ ದಕ್ಷಿಣಕ್ಕೆ ಹೊರಟರೆ ಕೆಮ್ಮಣ್ಣುಗುಂಡಿಯ ಗಿರಿಗಳು, ಮಳೆ, ತೇವ. ಮರದಿಂದಲೂ ತಂತಿಯಿಂದಲೂ ಆದ ವಾದ್ಯಕ್ಕೆ ಇದು ಸಣ್ಣ ವಿಷಯವಲ್ಲ. ಇನ್ನು ಮೂರನೆಯದಾಗಿ ರೈಲು. ಬೀರೂರಿನ ಜಂಕ್ಷನ್ನಿನಿಂದ ಒಂದು ದಾರಿ ಅಜ್ಜಂಪುರದ ಮೇಲೆ ಹರಿಹರದ ಕಡೆಗೂ, ೧೮೯೯ರಲ್ಲಿ ತೆರೆದ ಮತ್ತೊಂದು ದಾರಿ ತರೀಕೆರೆಯ ಮೇಲೆ ಶಿವಮೊಗ್ಗೆಗೂ ಹೋಗುತ್ತವೆ. ನಾಟಕ ಕಂಪೆನಿಗಳೂ ಅವುಗಳ ಸಾಮಾನಿನ ಪೆಟ್ಟಿಗೆಗಳೂ ಓಡಾಡುತ್ತಿದ್ದುದು ಇಂತಹ ಹಾದಿಗಳಲ್ಲಿಯೇ.

ತಂಬೂರಿಯು ಅನಾದಿಯೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಆಧಾರಗಳು ಹಾಗೆ ಹೇಳುವುದಿಲ್ಲ. ಹದಿಮೂರನೆಯ ಶತಮಾನದ ಸಂಗೀತರತ್ನಾಕರವು ಏಕತಂತ್ರಿಯನ್ನೂ ಕಿನ್ನರಿಯನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಇಂದು ನಾವು ಕಾಣುವ ನಾಲ್ಕು ತಂತಿಯ ತಂಬೂರಿಯ ಪ್ರಸ್ತಾಪ ಅಲ್ಲಿಲ್ಲ. ಹೊಯ್ಸಳ ಶಿಲ್ಪಗಳಲ್ಲಿ ನರ್ತಿಸುವವರ ಅಕ್ಕಪಕ್ಕ ಮದ್ದಳೆಯವರೂ ತಾಳದವರೂ ಕೊಳಲಿನವರೂ ನಿಂತಿರುತ್ತಾರೆ; ತಂಬೂರಿಯವನನ್ನು ಹುಡುಕುವುದು ವ್ಯರ್ಥ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನು ಕಿನ್ನರಿ ಬೊಮ್ಮಯ್ಯನೆಂದು ಹೆಸರಾದನೇ ಹೊರತು ತಂಬೂರಿ ಬೊಮ್ಮಯ್ಯನಾಗಲಿಲ್ಲ. ಬರಿಯ ಆಧಾರಶ್ರುತಿಗಾಗಿಯೇ ಮೀಸಲಾದ ನಾಲ್ಕು ತಂತಿಯ ವಾದ್ಯವು ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಹದಿನಾರು, ಹದಿನೇಳನೆಯ ಶತಮಾನಗಳಿಂದ ಈಚೆಗೆ. ಆದುದರಿಂದ ತಂಬೂರಿಯು ತಾನೇ ಒಂದು ಕಾಲದಲ್ಲಿ ಹೊಸಬನಾಗಿ ಬಂದು ಹಳಬರನ್ನು ಪಕ್ಕಕ್ಕೆ ಸರಿಸಿದ ವಾದ್ಯ. ಮುಂದಿನ ವಿಚಾರವನ್ನು ಓದುವಾಗ ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಈ ವಾದ್ಯದ ಗುಣವು ಯಾವುದರಲ್ಲಿದೆ? ತಂತಿಗಳು ನಾಲ್ಕು: ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಇವು ಕುದುರೆಯ ಮೇಲೆ ಹಾಯ್ದುಹೋಗುವಾಗ ಪ್ರತಿಯೊಂದರ ಅಡಿಯಲ್ಲಿಯೂ ಒಂದೊಂದು ನೂಲಿನ ಎಳೆಯನ್ನು ಸೇರಿಸುತ್ತಾರೆ. ಅದಕ್ಕೆ ಜೀವಾಳವೆಂದು ಹೆಸರು. ಎಳೆಯನ್ನು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಒಣಗಿದ ತಂತಿಯ ಸದ್ದು ತಟಕ್ಕನೆ ಅರಳಿ ಝೇಂಕಾರವಾಗುತ್ತದೆ. ಹೆಸರನ್ನಿಟ್ಟವರು ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇದರ ಭೌತಕಾರಣವನ್ನು ಮೊದಲು ಶೋಧಿಸಿದವರು ಚಂದ್ರಶೇಖರ ವೆಂಕಟರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲವೆಂಬುದು ಯೂರೋಪಿನಲ್ಲಿ ಯಂಗ್, ಹೆಲ್ಮ್‌ಹೋಲ್ಟ್ಸ್ ಎಂಬುವರ ಕಾಲದಿಂದ ಒಪ್ಪಿಕೊಂಡುಬಂದ ನಿಯಮವಾಗಿತ್ತು. ವೀಣೆಯಲ್ಲಿಯೂ ತಂಬೂರಿಯಲ್ಲಿಯೂ ಆ ಉಪಸ್ವರಗಳು ಬಲವಾಗಿಯೇ ಕೇಳಿಸುತ್ತವೆಂದೂ, ಅಗಲವಾಗಿ ಬಾಗಿದ ಕುದುರೆಯೇ ಅದಕ್ಕೆ ಕಾರಣವೆಂದೂ ಅವರು ೧೯೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಹೀಗಾಗಿ ಷಡ್ಜದ ತಂತಿಯೊಂದನ್ನು ಮೀಟಿದರೆ ಷಡ್ಜವೊಂದೇ ಕೇಳಿಸುವುದಿಲ್ಲ. ಮೂರನೆಯ ಉಪಸ್ವರದಿಂದ ಪಂಚಮವೂ, ಐದನೆಯದರಿಂದ ಅಂತರಗಾಂಧಾರವೂ ತಾವಾಗಿಯೇ ಎದ್ದುಬರುತ್ತವೆ. ಪಂಚಮದ ತಂತಿಯ ಮೂರನೆಯ ಉಪಸ್ವರವು ರಿಷಭವಾಗುತ್ತದೆ. ಯಾರೂ ಮೀಟದ ಗಾಂಧಾರವು ತಂಬೂರಿಯೊಳಗಿಂದ ಕೇಳಿಬಂದಾಗ ಶ್ರುತಿ ಸೇರಿತೆಂದು ಹಳಬರು ತಿಳಿಯುತ್ತಿದ್ದರು. ಗಮಕಿಯು ಸಾವೇರಿಯಿಂದ ಕಾಂಬೋದಿಗೆ, ಕಾಂಬೋದಿಯಿಂದ ನಾದನಾಮಕ್ರಿಯೆಗೆ ಪದ್ಯದಿಂದ ಪದ್ಯಕ್ಕೆ ಹಾಯುವಾಗ ಅವನ ಸ್ವರಸ್ಥಾನಗಳನ್ನು ಹಿಡಿದು ನಿಲ್ಲಿಸುತ್ತಿದ್ದುದು ಈ ಅದೃಶ್ಯ ಸ್ವರಗಳ ಹಂದರ.

ಇಂತಹ ವಾದ್ಯವನ್ನು ಕೈಬಿಟ್ಟು ಹಾರ್ಮೋನಿಯಮ್ಮನ್ನು ಹಿಡಿದುದೇಕೆ? ಈಗಿನವರು ಇದನ್ನು ಅಭಿರುಚಿಯ ಪತನವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ನನಗೆ ಅದು ಸಮ್ಮತವಲ್ಲ. ತಂಬೂರಿಯ ಬುರುಡೆ ದೊಡ್ಡದು, ದಂಡಿ ಉದ್ದ. ಎತ್ತಿನಗಾಡಿಯಲ್ಲಾಗಲಿ ಮೂರನೆಯ ದರ್ಜೆಯ ರೈಲುಡಬ್ಬಿಯಲ್ಲಾಗಲಿ ಅದನ್ನು ಒಡೆಯದಂತೆ ಸಾಗಿಸುವುದು ಮಗುವನ್ನು ಎತ್ತಿಕೊಂಡು ಹೋದಂತೆ. ಬಿರಡೆಯು ಬೇಸಗೆಯಲ್ಲಿ ಒಣಗಿ ಜಾರುವುದು, ಮಳೆಗಾಲದಲ್ಲಿ ಉಬ್ಬಿ ಬಿಗಿಯುವುದು. ಕಡೂರಿನಲ್ಲಿ ಕೂಡಿಸಿದ ಶ್ರುತಿಯು ಗಿರಿಯ ತಪ್ಪಲಿಗೆ ಹೋಗುವ ಹೊತ್ತಿಗೆ ಕೂಡಿದಂತೆಯೇ ಇರುವುದೆಂದು ಯಾರೂ ಹೇಳಲಾರರು. ಅದಲ್ಲದೆ ಮೀಟಲು ಒಬ್ಬ ಮನುಷ್ಯನು ಬೇಕು. ಹಾರ್ಮೋನಿಯಮ್ಮಿಗೆ ಈ ತೊಡಕುಗಳಿಲ್ಲ. ೧೮೪೨ರಲ್ಲಿ ಪ್ಯಾರಿಸಿನ ಡೆಬೇನ್ ಎಂಬಾತನು ಹಕ್ಕುಪತ್ರ ಪಡೆದ ಈ ವಾದ್ಯವು ಕಾಲಿನಿಂದ ಒತ್ತುವ ತಿದಿಯೊಡನೆ ಭಾರತಕ್ಕೆ ಬಂದಿತು; ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ಕುಶಲಿಗಳು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ಮಾಡಿದರು. ನಮ್ಮ ವೃತ್ತಿನಾಟಕದ ಕಂಪೆನಿಗಳಲ್ಲಿ ಕಾಲುಪೆಟ್ಟಿಗೆಯ ಮುಂದೆ ಕುಳಿತವನೇ ಸಂಗೀತಕ್ಕೆಲ್ಲ ಯಜಮಾನನಾದನು. ಅಲ್ಲಿಂದ ಹರಿಕಥೆ, ಭಜನೆ, ಬಯಲಾಟಗಳಿಗೆ ದಾರಿ ಬಹಳ ದೂರವಿರಲಿಲ್ಲ.

ಬಯಲಾಟದಲ್ಲಿ ಆದ ನಷ್ಟವು ಕಾವ್ಯವಾಚನದಲ್ಲಿ ಆದುದಕ್ಕಿಂತ ಹೆಚ್ಚಿನದು. ಮೂಡಲಪಾಯದ ಮೇಳಕ್ಕೆ ಮುಖವೀಣೆಯು ಪ್ರಾಣವಾಗಿತ್ತು. ಭಾಗವತನ ಪದದ ಹಿಂದೆ ಹೋಗಿ, ವೇಷಧಾರಿಯ ಉಸಿರು ತುಂಡಾದಲ್ಲಿ ಎಳೆಯನ್ನು ಮುಂದುವರಿಸಿ, ಬೆಳಗಿನ ತನಕ ರಂಗವನ್ನು ತುಂಬುತ್ತಿದ್ದುದು ಅದೇ. ಹಾರ್ಮೋನಿಯಮ್ಮು ಬಂದ ಮೇಲೆ ಮುಖವೀಣೆಯು ಮೇಳ ಮೇಳದಲ್ಲಿಯೂ ಹಿಂದೆ ಸರಿಯಿತು, ನುಡಿಸುವವರು ವಿರಳರಾದರು. ಓಲಗದವರ ಒತ್ತಿನ ಕಥೆಯೂ ಇದೇ ಜಾತಿಯದು. ಒತ್ತು ಎಂಬುದು ರಂಧ್ರಗಳಲ್ಲಿ ಬೆರಳಾಡಿಸದೆ ಒಂದೇ ಸ್ವರವನ್ನು ಊದುವ ಉದ್ದನೆಯ ಕೊಳವೆ. ಕೆನ್ನೆಯಲ್ಲಿ ಗಾಳಿಯನ್ನು ತುಂಬಿಕೊಂಡು ಮೂಗಿನಿಂದ ಉಸಿರೆಳೆಯುತ್ತ, ನಾದವು ಕಡಿಯದಂತೆ ಅದನ್ನು ಊದುವುದೇ ಓಲಗದವರ ಮನೆಯ ಹುಡುಗನಿಗೆ ಮೊದಲ ಪಾಠವಾಗಿದ್ದಿತು. ಶ್ರುತಿಪೆಟ್ಟಿಗೆಯು ಆ ಪಾಠವನ್ನು ಅನಾವಶ್ಯಕವಾಗಿ ಮಾಡಿತು. ಪೆಟ್ಟಿಗೆಯೊಳಗಿನ ಲೋಹದ ನಾಲಗೆಗೆ ದಣಿವಿಲ್ಲ; ಆದರೆ ಅದಕ್ಕೆ ಜೀವಾಳವೂ ಇಲ್ಲ. ಅದರ ಸ್ವರವು ನೇರವಾಗಿ ನಿಲ್ಲುವುದು, ಅರಳುವುದಿಲ್ಲ.

ಹಾರ್ಮೋನಿಯಮ್ಮಿನ ಮೇಲಣ ಆಕ್ಷೇಪಣೆಯು ಬಹುಮಟ್ಟಿಗೆ ಅದರ ಸ್ವರವಿಭಾಗಕ್ಕೆ ಸಂಬಂಧಿಸಿದ್ದು. ಸ್ಥಾಯಿಯನ್ನು ೧೨೦೦ ಅಂಶಗಳಾಗಿ ಎಣಿಸಿದರೆ ಸಹಜವಾದ ಅಂತರಗಾಂಧಾರವು ಷಡ್ಜದಿಂದ ಸುಮಾರು ೩೮೬ ಅಂಶಗಳ ಮೇಲಿರುತ್ತದೆ. ಹನ್ನೆರಡು ಸಮಭಾಗ ಮಾಡಿದ ಹಾರ್ಮೋನಿಯಮ್ಮಿನಲ್ಲಿ ಅದು ೪೦೦ರಲ್ಲಿರುತ್ತದೆ. ಪಂಚಮದ ವ್ಯತ್ಯಾಸವಾದರೋ ಎರಡೇ ಅಂಶ. ಎಂದಮೇಲೆ ಬರಿಯ ಷಡ್ಜ ಪಂಚಮಗಳನ್ನು ಹಿಡಿಯುವುದಕ್ಕೆ ಮಾತ್ರ ಉಪಯೋಗಿಸಿದರೆ ಪೆಟ್ಟಿಗೆಯಿಂದ ಅಷ್ಟೇನೂ ಅಪಚಾರವಾಗುವುದಿಲ್ಲ. ಹಾಡಿನ ಬೆನ್ನಟ್ಟಿ ಸ್ವರಗಳನ್ನೆಲ್ಲ ನುಡಿಸಿದಾಗಲೇ ತೊಡಕು. ಆಲ್ ಇಂಡಿಯಾ ರೇಡಿಯೋ ೧೯೪೦ರ ಮಾರ್ಚಿಯಿಂದ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ೧೯೭೧ರ ಸುಮಾರಿಗೆ ಅದು ಸಡಿಲವಾಯಿತು. ಈ ಮೂವತ್ತು ವರ್ಷಗಳ ಕಾಲ ಬಾನುಲಿಯಲ್ಲಿ ತಂಬೂರಿಯೂ ಊರಿನ ಗುಡಿಯಲ್ಲಿ ಹಾರ್ಮೋನಿಯಮ್ಮೂ ನಡೆದುವು. ಮೈಸೂರಿನಲ್ಲಿ ೧೯೩೫ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಆಕಾಶವಾಣಿಯೆಂಬ ಹೆಸರಿನಿಂದ ಪ್ರಾರಂಭಿಸಿದ ಪ್ರಸಾರವಾಗಲಿ, ತರೀಕೆರೆಗೆ ನೆರೆಯೂರಾದ ಭದ್ರಾವತಿಯಲ್ಲಿ ೧೯೬೫ರಲ್ಲಿ ತೆರೆದ ನಿಲಯವಾಗಲಿ ಶಾಸ್ತ್ರೀಯ ಸಂಗೀತವನ್ನು ಈ ಸೀಮೆಯ ಮನೆಗಳಿಗೆ ತಲುಪಿಸಿದುವು. ಬಾನುಲಿ ನಿಲಯಗಳಲ್ಲಿ ತಂಬೂರಿಯನ್ನು ಮೀಟುವುದಕ್ಕೆಂದೇ ಸಂಬಳದ ಕಲಾವಿದರಿರುತ್ತಿದ್ದರು. ತಂಬೂರಿ ಮೀಟುವುದು ಸರಕಾರಿ ಉದ್ಯೋಗವಾದದ್ದು ಆ ವಾದ್ಯದ ಚರಿತ್ರೆಯಲ್ಲಿ ಒಂದು ವಿಚಿತ್ರ ಘಟ್ಟ.

ಎರಡನೆಯ ಪಲ್ಲಟವು ಬೆಂಗಳೂರಿನಲ್ಲಿ ಹುಟ್ಟಿತು. ಸ್ವತಃ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣ್ ಅವರು ತಾವು ನಿರ್ಮಿಸಿದ ವಿದ್ಯುತ್ ತಂಬೂರಿಯನ್ನು ೧೯೭೯ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಪ್ರದರ್ಶಿಸಿದರು. ಆ ಮೊದಲ ಯಂತ್ರವು ಇಂದಿನ ದೃಷ್ಟಿಗೆ ದೊಡ್ಡ ಪೆಟ್ಟಿಗೆಯೇ. ಬರಬರುತ್ತ ಅದು ಕೈಚೀಲದಲ್ಲಿ ಅಡಗುವಷ್ಟು ಚಿಕ್ಕದಾಯಿತು. ಮುಂದೆ ಕೈಫೋನಿನ ಒಳಗೆ ಸೇರಿ ಆಕಾರವನ್ನೇ ಕಳೆದುಕೊಂಡಿತು. ಮೊದಮೊದಲಿನ ಯಂತ್ರಗಳು ವಿದ್ಯುನ್ಮಂಡಲದಲ್ಲಿ ಕಂಪನವನ್ನು ಹುಟ್ಟಿಸಿ ಅದಕ್ಕೆ ತಂತಿಯ ಏರಿಳಿತವನ್ನು ಕೊಡುತ್ತಿದ್ದುವು. ಅನಂತರದವು ನಿಜವಾದ ತಂಬೂರಿಯ ಮೀಟನ್ನೇ ಅಂಕೆಗಳ ರೂಪದಲ್ಲಿ ದಾಖಲಿಸಿಟ್ಟುಕೊಂಡು ಬೇಕಾದ ಶ್ರುತಿಗೆ ಏರಿಸಿ ಇಳಿಸಿ ನುಡಿಸತೊಡಗಿದುವು. ಪಂಚಮವನ್ನು ಬಿಟ್ಟು ಮಧ್ಯಮವನ್ನೋ ನಿಷಾದವನ್ನೋ ಇಡುವುದು, ಮೀಟಿನ ವೇಗವನ್ನು ಹೆಚ್ಚು ಕಡಮೆ ಮಾಡುವುದು, ಎಲ್ಲಕ್ಕೂ ಒಂದೊಂದು ಗುಂಡಿ.

ಇದಕ್ಕೆ ಸಮಾನವಾದ ಪ್ರಸಂಗವು ಪಾಶ್ಚಾತ್ಯ ದೇಶಗಳಲ್ಲಿ ಗಿಟಾರ್ ವಾದ್ಯದ ವಿಷಯದಲ್ಲಿ ನಡೆದಿದೆ. ಅದನ್ನು ಇಲ್ಲಿ ತಂದುಕೊಂಡರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ೧೯೩೦ರ ದಶಕದಿಂದ ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ತಿಗೆ ತಿರುಗಿಸಿ ಹಿಗ್ಗಿಸುವ ಆಂಪ್ಲಿಫೈಯರುಗಳಲ್ಲಿ ನಿರ್ವಾತದ ಗಾಜಿನ ನಳಿಕೆಗಳು, ಎಂದರೆ ಹಳೆಯ ರೇಡಿಯೋಗಳಲ್ಲಿದ್ದ ವಾಲ್ವುಗಳು, ಇರುತ್ತಿದ್ದುವು. ಅವುಗಳ ಶಕ್ತಿಯನ್ನು ಮೀರಿ ಒತ್ತಿದಾಗ ಸ್ವರವು ಒಡೆದು ಕರ್ಕಶವಾಗುತ್ತಿತ್ತು. ಎಂಜಿನಿಯರನ ಕಣ್ಣಿಗೆ ಅದು ದೋಷ. ವಾದಕನ ಕಿವಿಗೆ ಅದೇ ರುಚಿಯಾಯಿತು. ೧೯೬೦ರ ದಶಕದಲ್ಲಿ ಟ್ರಾನ್ಸಿಸ್ಟರಿನ ಹಗುರವಾದ ಆಂಪ್ಲಿಫೈಯರುಗಳು ಬಂದಾಗ ಹೊರುವ ಶ್ರಮ ತಪ್ಪಿತಾದರೂ ಸ್ವರವು ಒಣಗಿತೆಂದು ಅನೇಕರು ಮುಖ ತಿರುಗಿಸಿದರು. ಆಮೇಲೆ ಗಣಕದ ಲೆಕ್ಕಾಚಾರದಿಂದ ಹಳೆಯ ನಳಿಕೆಯ ನಡವಳಿಕೆಯನ್ನೇ ಅನುಕರಿಸುವ ಡಿಜಿಟಲ್ ಮಾಡೆಲರುಗಳು ಬಂದುವು: ರೋಲಂಡ್ ಸಂಸ್ಥೆಯದು ೧೯೯೫ರಲ್ಲಿ, ಲೈನ್ ಸಿಕ್ಸ್ ಸಂಸ್ಥೆಯದು ೧೯೯೬ರಲ್ಲಿ, ೨೦೧೧ರ ಕೆಂಪರ್ ಯಂತ್ರವಂತೂ ಗೊತ್ತಾದ ಒಂದು ಆಂಪ್ಲಿಫೈಯರನ್ನು ಅಳೆದು ಅದರ ಪಡಿಯಚ್ಚನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲುದು.

ಎರಡು ಕಥೆಗಳಿಗೂ ಮೂರು ಮೂರು ಘಟ್ಟಗಳಿರುವುದನ್ನು ಗಮನಿಸಬೇಕು. ಮೊದಲನೆಯದರಲ್ಲಿ ಭಾರವಾದ, ಚಂಚಲವಾದ, ಆದರೆ ನಾದದಲ್ಲಿ ಸಮೃದ್ಧವಾದ ಉಪಕರಣ. ಎರಡನೆಯದರಲ್ಲಿ ಹಗುರವಾದ, ನಂಬಬಹುದಾದ, ನಾದದಲ್ಲಿ ಬಡವಾದ ಉಪಕರಣ. ಮೂರನೆಯದರಲ್ಲಿ ಎರಡನೆಯದರ ಅನುಕೂಲವನ್ನು ಉಳಿಸಿಕೊಂಡು ಮೊದಲನೆಯದರ ನಾದವನ್ನು ಅನುಕರಿಸುವ ಯಂತ್ರ. ಅನುಕರಿಸಬೇಕಾದುದು ಎರಡು ಕಡೆಗಳಲ್ಲಿಯೂ ಒಂದೇ ಬಗೆಯ ವಸ್ತು: ಶುದ್ಧ ಕಂಪನದ ಲೆಕ್ಕದಲ್ಲಿ ಕಲ್ಮಷವೆನಿಸುವ ಆ ಝೇಂಕಾರ. ವಿದ್ಯುತ್ ತಂಬೂರಿಯನ್ನು ನಿಂದಿಸುವವರು ಸಾಮಾನ್ಯವಾಗಿ ಅದನ್ನು ನಾಲ್ಕು ತಂತಿಯ ತಂಬೂರಿಯೊಡನೆ ಹೋಲಿಸುತ್ತಾರೆ. ಚರಿತ್ರೆಯಲ್ಲಿ ಅದು ಪದಚ್ಯುತಗೊಳಿಸಿದ್ದು ಬಹುಮಟ್ಟಿಗೆ ಶ್ರುತಿಪೆಟ್ಟಿಗೆಯನ್ನು. ಹಳ್ಳಿಯ ಭಜನೆಯ ಮನೆಯಲ್ಲಿ ತಂಬೂರಿಯು ಗೋಡೆಗೇರಿ ಎಷ್ಟೋ ಕಾಲವಾದ ಮೇಲೆ ಈ ಯಂತ್ರವು ಬಂದಿತು. ಲೋಹದ ನಾಲಗೆಯ ನೇರವಾದ ಸದ್ದಿಗೆ ಒಗ್ಗಿಹೋಗಿದ್ದ ಕಿವಿಗೆ ಜೀವಾಳದ ನೆರಳನ್ನಾದರೂ ಮರಳಿ ಕೇಳಿಸಿತು. ನಾದದ ಮಟ್ಟಿಗೆ ಇದು ತಕ್ಕಮಟ್ಟಿನ ಜೀರ್ಣೋದ್ಧಾರವೆಂದೇ ನನ್ನ ಅಭಿಪ್ರಾಯ.

ಆದರೆ ನಾದವೊಂದನ್ನೇ ತೂಗಿ ತೀರ್ಪು ಕೊಡುವಂತಿಲ್ಲ. ತಂಬೂರಿಯ ಹಿಂದೆ ಒಬ್ಬ ಶಿಷ್ಯನು ಕುಳಿತಿರುತ್ತಿದ್ದನು. ಗಂಟೆಗಟ್ಟಲೆ ಮೀಟುತ್ತ ಕೇಳುತ್ತ ಅವನು ಗುರುವಿನ ಓದನ್ನು ಪದ್ಯದ ತಿರುವು ತಿರುವಿನಲ್ಲಿಯೂ ಒಳಗೆ ಹಾಕಿಕೊಳ್ಳುತ್ತಿದ್ದನು. ಬಿರಡೆಯನ್ನು ತಿರುಗಿಸಿ, ಮಣಿಯನ್ನು ಸರಿಸಿ, ಜೀವಾಳವನ್ನು ಎಳೆದು ಗಾಂಧಾರವು ಕೇಳಿಸುವವರೆಗೆ ಕಾಯುವುದು ಅವನ ಕಿವಿಗೆ ಪರೀಕ್ಷೆ. ಯಂತ್ರದಲ್ಲಿ ಈ ಪರೀಕ್ಷೆಯನ್ನು ಕಾರ್ಖಾನೆಯಲ್ಲಿ ಯಾರೋ ಒಮ್ಮೆ ಎಲ್ಲರ ಪರವಾಗಿ ಮುಗಿಸಿಬಿಟ್ಟಿರುತ್ತಾರೆ. ಗಮಕದಲ್ಲಿ ಇನ್ನೊಂದು ಸೂಕ್ಷ್ಮವುಂಟು. ವಾಚಕನು ಪದ್ಯವನ್ನು ನಿಲ್ಲಿಸಿ ವ್ಯಾಖ್ಯಾನಕಾರನು ಮಾತನ್ನು ಎತ್ತಿಕೊಂಡಾಗ ತಂಬೂರಿಯವನು ಬೆರಳನ್ನು ಹಗುರ ಮಾಡಬಹುದು, ನಿಲ್ಲಿಸಬಹುದು. ಚಂದ್ರಹಾಸನ ಕಥೆಯಲ್ಲಿ ವಿಷಯೆಯು ಓಲೆಯನ್ನು ತಿದ್ದುವ ಸಂದರ್ಭದಂತಹ ಕಡೆಗಳಲ್ಲಿ ಸಭೆಯ ಮೌನಕ್ಕೆ ತನ್ನ ಮೌನವನ್ನು ಸೇರಿಸಬಹುದು. ಅವನೂ ಕೇಳುಗನೇ ಅಲ್ಲವೆ? ಯಂತ್ರವು ಕಥೆಯನ್ನು ಕೇಳುವುದಿಲ್ಲ.

ಎಲ್ಲ ಶ್ರುತಿವಾದ್ಯಗಳೂ ಯಂತ್ರಕ್ಕೆ ಎಡೆ ಬಿಟ್ಟುಕೊಟ್ಟುವೆಂದು ಭಾವಿಸಬಾರದು. ತತ್ವಪದಗಳನ್ನು ಹಾಡುವವರ ಏಕತಾರಿ, ಎಲ್ಲಮ್ಮನ ಭಕ್ತರ ಚೌಡಿಕೆ, ದಾಸಯ್ಯನ ತಂಬೂರಿ, ದಕ್ಷಿಣದ ಚಾಮರಾಜನಗರದ ಕಡೆ ನೀಲಗಾರರು ಹಿಡಿಯುವ ತಂಬೂರಿ, ಇವು ಯಂತ್ರದ ಕಾಲದಲ್ಲಿಯೂ ಕೈಯಲ್ಲಿಯೇ ಉಳಿದಿವೆ. ಕಾರಣವು ಸ್ಪಷ್ಟ. ಇವರಿಗೆ ವಾದ್ಯವು ದೀಕ್ಷೆಯ ಗುರುತು, ಹಾಡುವವನೇ ಮೀಟುವವನು, ಅದನ್ನು ಕೆಳಗಿಟ್ಟರೆ ಅವನು ಆ ಹಾಡನ್ನು ಹಾಡುವ ಅಧಿಕಾರವನ್ನೇ ಕೆಳಗಿಟ್ಟಂತೆ. ಎಲ್ಲಿ ಶ್ರುತಿಯನ್ನು ಕೊಡುವವನು ಹಾಡುವವನಿಗಿಂತ ಬೇರೆಯಾಗಿ ಹಿಂದೆ ಕುಳಿತಿದ್ದನೋ ಅಲ್ಲಿಯೇ ಅವನ ಜಾಗಕ್ಕೆ ಯಂತ್ರವು ಬಂದಿತು. ಶಾಸ್ತ್ರೀಯ ಸಂಗೀತದವರು ತಮ್ಮ ತಂಬೂರಿಯನ್ನು ಸರಸ್ವತಿಯೆಂದು ಪೂಜಿಸುತ್ತ ಬಂದರೂ ಮೀಟುವ ಕೆಲಸವನ್ನು ಚಿಕ್ಕದೆಂದು ಎಣಿಸಿದರು. ಮೀಟುವವರಿಗೆ ಸಿಕ್ಕಿದ ಸಂಭಾವನೆಯೂ ಮನ್ನಣೆಯೂ ಪಕ್ಕವಾದ್ಯದವರಿಗಿಂತ ಎಷ್ಟೋ ಕೆಳಗಿನವು. ಪಲ್ಲಟಕ್ಕೆ ವಿದ್ಯುತ್ತಿಗಿಂತ ಇದೇ ದೊಡ್ಡ ಕಾರಣವೆಂದು ತೋರುತ್ತದೆ.

ನಮ್ಮ ಸೀಮೆಯಲ್ಲಿ ಈಗ ಮಾಡಬಹುದಾದ ಕೆಲಸವೊಂದಿದೆ. ದೇವಾಲಯಗಳಲ್ಲಿ, ಮಠಗಳಲ್ಲಿ, ಗಮಕಿಗಳ ಹಾಗೂ ಹರಿದಾಸರ ಮನೆತನಗಳಲ್ಲಿ ಉಳಿದಿರುವ ತಂಬೂರಿ, ಒತ್ತು, ಮುಖವೀಣೆಗಳನ್ನು ಊರೂರಿಗೂ ಹೋಗಿ ಪಟ್ಟಿಮಾಡಬೇಕು: ಬುರುಡೆ ಸೋರೆಯದೋ ಹಲಸಿನದೋ, ಕುದುರೆ ಮೂಲೆಯದೋ ಮರದದೋ, ಮಿರಜಿನ ಕಡೆಯದೋ ತಂಜಾವೂರಿನ ಕಡೆಯದೋ, ಕೊನೆಯ ಸಲ ತಂತಿ ಹಾಕಿದವರು ಯಾರು. ಶಾಸನಗಳಿಗಾಗಿ ರೈಸ್ ಸಾಹೇಬರು ಕಡೂರು ಜಿಲ್ಲೆಗೆಂದೇ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವನ್ನು ಮೀಸಲಿಟ್ಟರು. ಕಲ್ಲಿಗೆ ದೊರೆತ ಆದರವು ಮರಕ್ಕೆ ದೊರೆಯಬಾರದೇಕೆ? ಕಲ್ಲಾದರೂ ನೂರು ವರ್ಷ ಕಾಯುತ್ತದೆ. ಗೆದ್ದಲು ಹಿಡಿದ ದಂಡಿಯು ಕಾಯುವುದಿಲ್ಲ.

ಇದರ ಜೊತೆಯಲ್ಲಿ ಮಾತುಗಳನ್ನೂ ಸಂಗ್ರಹಿಸಬೇಕು. ಇದು ಸಾಹಿತ್ಯದ ಅಧ್ಯಾಪಕರು ಮಾಡತಕ್ಕ ಕೆಲಸ. ವಾದ್ಯವು ಹೋದರೂ ಅದರ ಮಾತು ನಿಲ್ಲುವುದು, ಕೆಲವು ಸಲ ಬೇರೆ ವಸ್ತುವಿಗೆ ಅಂಟಿಕೊಳ್ಳುವುದು. ಶ್ರುತಿಪೆಟ್ಟಿಗೆಯೆಂಬ ಹೆಸರು ಮೊದಲು ತಿದಿಯುಳ್ಳ ಮರದ ಪೆಟ್ಟಿಗೆಗೆ ಇದ್ದುದು ಆಮೇಲೆ ವಿದ್ಯುತ್ತಿನ ಯಂತ್ರಕ್ಕೆ ಬಂದಿತು; ಕೈಫೋನಿನಲ್ಲಿ ಪೆಟ್ಟಿಗೆಯೇ ಇಲ್ಲವಾದರೂ ಹೆಸರು ಹೋಗಿಲ್ಲ. ಶ್ರುತಿಯನ್ನು ಒಂದು ಮನೆ, ಒಂದೂವರೆ ಮನೆ, ಐದು ಮನೆ ಎಂದು ಎಣಿಸುವ ಕ್ರಮವು ತಂಬೂರಿಯದಲ್ಲ. ಅದು ಹಾರ್ಮೋನಿಯಮ್ಮಿನ ಬಿಳಿಯ ಮನೆಗಳ ಎಣಿಕೆ. ನಡುವಣ ಕರಿಯ ಮನೆಯೇ ಅರ್ಧ. ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿಯ ಮನೆಯಿಲ್ಲದ ಕಾರಣ ಮೂರೂವರೆ ಮನೆಯ ಶ್ರುತಿಯೆಂಬುದು ಯಾವ ಗಾಯಕರ ಬಾಯಲ್ಲಿಯೂ ಇಲ್ಲ. ಹಾರ್ಮೋನಿಯಮ್ಮನ್ನು ಎಂದೂ ಮುಟ್ಟದ ವಿದ್ಯಾರ್ಥಿನಿಯೂ ಫೋನನ್ನು ತೆರೆದು ಐದೂವರೆಗೆ ಇಟ್ಟುಕೊಂಡು ಷಟ್ಪದಿಯನ್ನು ಓದತೊಡಗುತ್ತಾಳೆ.